ಹಿತ್ತಲಿನ ಪ್ಲಾಸ್ಟಿಕ್ ಕಣ

೨೭ ಏಪ್ರಿಲ್ ೨೦೦೩, ರವಿವಾರ

ಡಾಕ್ಟರು ಬರೆದಿಡಿ ಎಂದದ್ದು ಗುಳಿಗೆಗಳನ್ನು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಮೂರು. ಅದಕ್ಕೆಂದೇ ಸಿಮೆಂಟ್ ಕಂಪನಿಯವರು ಅಂಗಡಿಗೆ ಕೊಟ್ಟಿದ್ದ ಈ ಡೈರಿ ತರಿಸಿಕೊಂಡೆ. ಗುಳಿಗೆ ಬರೆದ ಮೇಲೂ ಪುಟದಲ್ಲಿ ಇಷ್ಟೊಂದು ಜಾಗ ಉಳಿಯುತ್ತದೆ. ಖಾಲಿ ಬಿಡಲು ಮನಸ್ಸು ಬರುವುದಿಲ್ಲ.

ಇವರಿಗೆ ಲಕ್ವಾ ಹೊಡೆದು ಇವತ್ತಿಗೆ ಮೂವತ್ತೆಂಟು ದಿನ. ಬಲಗೈ, ಬಲಗಾಲು ಹೇಳಿದ ಮಾತು ಕೇಳುವುದಿಲ್ಲ. ಬಾಯಲ್ಲಿ ಉಳಿದಿರುವುದು ಒಂದೇ ಮಾತು: ಬ್ಯಾಡ. ರೊಟ್ಟಿ ಮುಂದಿಟ್ಟರೆ ಬ್ಯಾಡ ಅಂದು ಪೂರಾ ಉಣ್ಣುತ್ತಾರೆ. ಫ್ಯಾನ್ ಹಚ್ಚಲೇ ಎಂದರೆ ಬ್ಯಾಡ, ಹಚ್ಚದಿದ್ದರೆ ಕಣ್ಣು ಕೆಂಪು ಮಾಡುತ್ತಾರೆ. ತಲೆಯೊಳಗೆ ಎಲ್ಲ ಮಾತೂ ಇವೆ, ಹೊರಗೆ ಬರುವ ದಾರಿಯಲ್ಲಿ ಇದೊಂದೇ ಸಿಗುತ್ತಿದೆ ಎನ್ನುತ್ತಾರೆ ಡಾಕ್ಟರು. ಹೀಗಾಗಿ ಇವರ ಬ್ಯಾಡಕ್ಕೆ ಬೇಕು ಎಂದು ಅರ್ಥವೋ, ಬೇಡ ಎಂದೇ ಅರ್ಥವೋ, ನಾನು ಮುಖ ನೋಡಿ ಹೇಳಬೇಕು.

ಇವತ್ತು ಮಧ್ಯಾಹ್ನ ಮುಂಬೈ ಕಡೆಯ ಲಾರಿಯೊಂದು ಕುಸನೂರ ರಸ್ತೆಯ ನಮ್ಮ ಮನೆ ಹುಡುಕಿಕೊಂಡು ಬಂತು. ನಾಲ್ವರು ಹಮಾಲರು ಹೆಗಲು ಕೊಟ್ಟು ಒಂದು ದೊಡ್ಡ ಸುರುಳಿ ಇಳಿಸಿದರು. ಜೊತೆಗೊಂದು ಕಟ್ಟಿಗೆಯ ಪೆಟ್ಟಿಗೆ. ಕಾಗದದ ಮೇಲೆ ಜಗದೇವಪ್ಪ ಎಂದು ಇವರದೇ ಹೆಸರು, ಇವರದೇ ಸಹಿ, ತಾರೀಖು ಫೆಬ್ರವರಿಯದು. ಅಂದರೆ ಮೈಯಲ್ಲಿ ಆರೋಗ್ಯ ಇದ್ದಾಗಲೇ ಹೇಳಿ ತರಿಸಿದ್ದು. ಸುರುಳಿಯ ತುದಿ ಬಿಚ್ಚಿ ನೋಡಿದರೆ ಹುಲ್ಲು. ಪ್ಲಾಸ್ಟಿಕ್ ಹುಲ್ಲು! ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಪೆಟ್ಟಿಗೆಯಲ್ಲಿ ಎರಡು ಕಬ್ಬಿಣದ ಕೋಲು, ಒಂದಷ್ಟು ಬಿಳಿ ಚೆಂಡು, ತಳವಿಲ್ಲದ ಡಬ್ಬಿ, ಕೆಂಪು ಬಾವುಟ, ಒಂದು ಇಂಗ್ಲಿಷ್ ಪುಸ್ತಿಕೆ.

ನನಗೆ ತಲೆಬುಡ ತಿಳಿಯಲಿಲ್ಲ. ಜಗತ್ ಸರ್ಕಲಿನ ನಮ್ಮ ಸಿಮೆಂಟ್ ಅಂಗಡಿಯನ್ನು ಈಗ ನೋಡಿಕೊಳ್ಳುವವನು ಮುನೀಮ ಹಣಮಂತ. ಅವನಿಗೆ ಫೋನ್ ಮಾಡಿದೆ. ಸಾವುಕಾರರು ತಾವೇ ತರಿಸಿದ್ದಾರೆ, ಯಾರಿಗೆ, ಯಾಕೆ ಎಂದು ತನಗೆ ಹೇಳಿಲ್ಲ ಅಂದ. ಇವರ ಮುಂದೆ ಹೋಗಿ ನಿಂತು ಕೇಳಿದೆ, ಏನಿದು, ಯಾತಕ್ಕೆ ಎಂದು. ಇವರು ಸುರುಳಿ ನೋಡಿದರು. ಕಣ್ಣು ತುಂಬಿ ಬಂತು. ಆಮೇಲೆ ಅದೇ ಮಾತು, ಬ್ಯಾಡ.

ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನಗೆಂದು ಆಸೆಪಟ್ಟು ಒಂದು ಅಂಗಿ ತಂದದ್ದು ನಾನು ಕಂಡಿಲ್ಲ. ಈಗ ನೋಡಿದರೆ ಒಂದು ಲಾರಿ ಹುಲ್ಲು.

೨೯ ಏಪ್ರಿಲ್, ಮಂಗಳವಾರ

ಪಕ್ಕದ ಮನೆಯ ಮಥುರಾಬಾಯಿಯವರನ್ನು ಕರೆದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು. ಮೊದಲು ಶಹಾಬಜಾರದ ಹಳೆ ವಾಡೆಯಲ್ಲಿದ್ದರು, ಇಲ್ಲಿಗೆ ಬಂದು ಎರಡು ವರ್ಷ. ಕನ್ನಡಕ ಏರಿಸಿ ಪುಸ್ತಿಕೆ ಓದಿದರು. ಇದು ಗಾಲ್ಫ್ ಎಂಬ ಆಟವಂತೆ. ಪೂರಾ ಆಟಕ್ಕೆ ನೂರು ಎಕರೆ ಬೇಕಂತೆ. ಇದು ಆಟದ ಕೊನೆಯ ಭಾಗ ಮಾತ್ರ. ಚೆಂಡು ಆಗಲೇ ಕುಣಿಯ ಹತ್ತಿರ ಬಂದಿರುತ್ತದೆ, ಮೆಲ್ಲಗೆ ಬಡಿದು ಒಳಗೆ ಬೀಳಿಸಬೇಕು, ಅಷ್ಟೇ.

"ಎರಡು ವರ್ಷ ಬಾಜೂಕ ಇದ್ದೂ ಜಗದೇವಪ್ಪನವರು ಹಿಂಥಾ ಶೋಕಿಯವರು ಅಂತ ನನಗ ಗೊತ್ತೇ ಇದ್ದಿಲ್ಲ ನೋಡ್ರಿ," ಅಂದರು.

ನಿಮಗೆ ಎರಡೇ ವರ್ಷದಿಂದ ಗೊತ್ತಿಲ್ಲ, ನನ್ನ ಗತಿ ಏನು ಎಂದು ಕೇಳಬೇಕೆನಿಸಿತು. ಚಹಾ ಕೊಟ್ಟೆ.

೪ ಮೇ, ರವಿವಾರ

ಡಾಕ್ಟರಿಗೆ ಹುಲ್ಲಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಸಮತಟ್ಟಾದ ಜಾಗದಲ್ಲಿ ನಡೆದಾಡಿದರೆ ಕಾಲಿಗೆ ಒಳ್ಳೆಯದು, ಕೋಲು ಹಿಡಿದು ಚೆಂಡು ಬಡಿದರೆ ಕೈಗೂ ಒಳ್ಳೆಯದು, ಎಲ್ಲಕ್ಕಿಂತ ಮಿಗಿಲಾಗಿ ಅವರು ಆಸೆಪಟ್ಟದ್ದು ಕಣ್ಣ ಮುಂದಿದ್ದರೆ ಮನಸ್ಸು ಮೇಲೇಳುತ್ತದೆ ಅಂದರು.

ಬರುವಾಗ ಆಟೋದಲ್ಲಿ ಅದೇ ಯೋಚನೆ. ಇವರ ಮನಸ್ಸಿನಲ್ಲಿ ಇಂಥದ್ದೊಂದು ಆಸೆ ಎಷ್ಟು ವರ್ಷದಿಂದ ಇತ್ತೋ. ನಾನು ಯಾವತ್ತೂ ಕೇಳಲೂ ಇಲ್ಲ. ಊಟ ಆಯಿತೇ, ಅಂಗಡಿಯಿಂದ ಎಷ್ಟು ಹೊತ್ತಿಗೆ ಬರುತ್ತೀರಿ, ಇಷ್ಟೇ ಕೇಳಿದ್ದು. ಹಿತ್ತಲಲ್ಲಿ ಇದನ್ನು ಹಾಸಿಯೇ ತೀರುತ್ತೇನೆ. ಇವರನ್ನು ಅದರ ಮೇಲೆ ನಡೆಸಿಯೇ ತೀರುತ್ತೇನೆ.

೧೪ ಮೇ, ಬುಧವಾರ

ಹಾಸುವುದು ಹೇಗೆ ಎಂದು ಮಥುರಾಬಾಯಿ ಓದಿ ಹೇಳಿದರು. ಕೆಳಗಿನ ನೆಲ ಗಟ್ಟಿಯಾಗಿರಬೇಕು, ನುಣ್ಣಗಿರಬೇಕು, ಕಾಲಿಟ್ಟರೆ ಎಲ್ಲೂ ಕುಸಿಯಬಾರದು, ಸಣ್ಣ ಹರಳೂ ಇರಬಾರದು. ಆಮೇಲೆ ಒಂದು ಪುಟ ಓದದೆ ತಿರುವಿ ಹಾಕಿದರು. ಅದೇನು ಎಂದು ಕೇಳಿದರೆ, ಸೆಕೆ ಮತ್ತು ತೇವ ಇರುವ ಊರುಗಳಿಗೆ ಬೇರೆ ಸೂಚನೆ ಕೊಟ್ಟಿದ್ದಾರೆ, ಮಂಗಳೂರು ಕಡೆಯವರು ಓದಿಕೊಳ್ಳಲಿ, ನಮ್ಮ ಕಲಬುರ್ಗಿಯಲ್ಲಿ ಬಿಸಿಲು ಬಿಟ್ಟರೆ ಏನಿದೆ ಅಂದರು. ಖರೆ ಮಾತು. ಕೊಡದಲ್ಲಿ ಕುಡಿಯುವ ನೀರೂ ಒಣಗುವಂಥ ಬಿಸಿಲು.

ಗಟ್ಟಿ, ನುಣುಪು, ಹರಳಿಲ್ಲದ ನೆಲ. ಇದನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಬೇಕೇ? ರಾಶಿ ಮಾಡುವ ಕಣ ಅಲ್ಲವೇ ಇದು! ನಾನು ಹುಟ್ಟಿದ್ದೇ ಕಮಲಾಪುರದ ಹೊಲಮನೆಯಲ್ಲಿ. ಜೋಳದ ತೆನೆ ಬಂದಾಗ ಪ್ರತಿ ವರ್ಷ ಕಣ ಮಾಡುವುದನ್ನು ನೋಡಿದವಳು. ಇವತ್ತು ಬೆಳಗಿನ ಬಸ್ಸಿಗೆ ತವರಿಗೆ ಹೋದೆ. ಅಣ್ಣನ ಹೊಲದಲ್ಲಿ ನಲವತ್ತು ವರ್ಷ ಕಣ ಕಟ್ಟಿದ ಮರೆಪ್ಪ ಬೇವಿನ ಮರದ ಕೆಳಗೆ ಕೂತಿದ್ದ. ನನ್ನನ್ನು ಎತ್ತಿ ಆಡಿಸಿದವನು.

"ಕಣಾನಾ? ಈಗ?" ಅಂದ. ಹೌದು, ಮನೆಯ ಹಿತ್ತಲಲ್ಲಿ ಅಂದೆ. ನನ್ನ ಮುಖ ಸ್ವಲ್ಪ ಹೊತ್ತು ನೋಡಿದ. "ನೀ ಹೇಳ್ದಿ ಅಂದ್ರ ಮಾಡ್ತೀನಿ ಬಿಡವ್ವಾ," ಅಂದ. ಏನು ರಾಶಿ ಮಾಡುತ್ತೀ ಎಂದು ಒಂದು ಮಾತೂ ಕೇಳಲಿಲ್ಲ.

ಅಣ್ಣ ಕೆಂಪು ಬಾಳೆಯ ಗೊನೆ ಕೊಟ್ಟ. ಇವರಿಗೆ ಒಂದು ಹಣ್ಣು ಸುಲಿದು ಕೊಟ್ಟೆ. ಬ್ಯಾಡ ಅಂದು ಮೂರು ತಿಂದರು.

೨೨ ಮೇ, ಗುರುವಾರ

ನಾಲ್ಕು ದಿನದಿಂದ ಮರೆಪ್ಪ ಇಲ್ಲೇ ಇದ್ದಾನೆ. ಕಮಲಾಪುರದ ಕೆಂಪು ಮಣ್ಣು ಟೆಂಪೊದಲ್ಲಿ ತಂದು ಹರವಿದ, ನೀರು ಹೊಡೆದ, ತುಳಿದ, ದಿಮ್ಮಿಯಿಂದ ಗುದ್ದಿದ. ಎತ್ತು ಇಲ್ಲದ್ದಕ್ಕೆ ನಾವಿಬ್ಬರೇ ಸುತ್ತು ಹಾಕಿ ತುಳಿದೆವು. ನಾನು ಸೀರೆ ಎತ್ತಿ ಕಟ್ಟಿ ಕೆಸರು ತುಳಿಯುವುದನ್ನು ಮಥುರಾಬಾಯಿ ಕಂಪೌಂಡ್ ಗೋಡೆಯ ಆಚೆಯಿಂದ ನೋಡಿ, ಮೈಯಲ್ಲಿ ಹುಷಾರಿದೆಯೇ ಎಂದು ಕೇಳಿದರು.

ಇವತ್ತು ಸೆಗಣಿ ಸಾರಿಸಿದೆವು. ಮೂರು ಸುತ್ತು, ಒಂದು ಒಣಗಿದ ಮೇಲೆ ಇನ್ನೊಂದು. ನಡುವೆ ಮೇಟಿ ಕಂಬ ಎಲ್ಲಿ ನಿಲ್ಲಿಸಲಿ ಎಂದು ಮರೆಪ್ಪ ಕೇಳಿದ. ಎತ್ತುಗಳನ್ನು ಕಟ್ಟಿ ಸುತ್ತಿಸುವ ಕಂಬ ಅದು. ಕಂಬ ಬೇಡ, ಬಾವುಟ ನಿಲ್ಲುತ್ತದೆ ಎಂದು ಕೆಂಪು ಬಾವುಟ ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕುಣಿ ತೋಡಿ, ಡಬ್ಬಿ ಹೂಳಿ, ಬಾವುಟ ನೆಟ್ಟು, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. ಗ್ಯಾಸಿನ ಸಿಲಿಂಡರ್ ತಂದವನೊಬ್ಬ ಬೂಟು ಹಾಕಿಕೊಂಡೇ ದಾಟಲು ಹೋದಾಗ ಮರೆಪ್ಪನ ದನಿ ಬೀದಿಗೆ ಕೇಳಿಸಿತು.

"ಕಣದಾಗ ಯಾರೇ ಇರ್ಲಿ, ಚಪ್ಲಿ ಬಿಟ್ಟು ಬರ್ಬೇಕು," ಅಂದ. ಆಮೇಲೆ ನನ್ನ ಕಡೆ ತಿರುಗಿ, ಸಾವುಕಾರರಿಗೂ ಇದೇ ಮಾತು ಅಂದ.

೨೫ ಮೇ, ರವಿವಾರ

ಹಾಸಿದೆವು. ಸುರುಳಿ ಮೂವತ್ತು ಫೂಟು ಉದ್ದ, ಬಟ್ಟೆ ಒಗೆಯುವ ಕಲ್ಲಿನಿಂದ ಗೋಡೆಯವರೆಗೆ ಇಪ್ಪತ್ತಾರೇ ಫೂಟು. ಇವರು ಅಳತೆ ತಪ್ಪಿದ್ದು ಜೀವಮಾನದಲ್ಲಿ ಇದೇ ಮೊದಲು. ಒಂದು ಚೀಲ ಸಿಮೆಂಟಿನಲ್ಲಿ ಎಷ್ಟು ಗೋಡೆ ಏಳುತ್ತದೆಂದು ಕಣ್ಣಳತೆಯಲ್ಲಿ ಹೇಳುವವರು. ನಾನೇ ಕುಡಗೋಲು ತಂದು ನಾಲ್ಕು ಫೂಟು ಕೊಯ್ದೆ. ಕೊಯ್ಯುವಾಗ ಕುರ್ಚಿಯಲ್ಲಿ ಕೂತಿದ್ದ ಇವರು ಬ್ಯಾಡ ಬ್ಯಾಡ ಎಂದು ನಾಲ್ಕೈದು ಸಲ ಅಂದರು, ಎಡಗೈಯಿಂದ ಕುರ್ಚಿ ಬಡಿದರು. ಇಷ್ಟೊಂದು ಸಂತೋಷ ಕಂಡು ನನಗೂ ಕಣ್ಣು ಒದ್ದೆಯಾಯಿತು. ಕೊಯ್ದ ತುಂಡನ್ನು ಹಿತ್ತಲ ಬಾಗಿಲಿಗೆ ಕಾಲೊರಸು ಮಾಡಿ ಹಾಕಿದೆ.

ಆಮೇಲೆ ಇವರನ್ನು ಹಿಡಿದು ಹುಲ್ಲಿನ ಮೇಲೆ ನಿಲ್ಲಿಸಿ ಕೈಗೆ ಕೋಲು ಕೊಟ್ಟೆ. ಕೋಲು ಕೈಬಿಟ್ಟು ಬಿತ್ತು. ಮತ್ತೆ ಕೊಟ್ಟೆ. ಮತ್ತೆ ಬಿತ್ತು. ಮೂರನೆಯ ಸಲ ಬಿಟ್ಟದ್ದು ಎಡಗೈಯಿಂದ, ಗಟ್ಟಿಯಿರುವ ಕೈಯಿಂದ.

೨೬ ಮೇ, ಸೋಮವಾರ

ನಡೆಯಲು ಬರಲಿಲ್ಲ. ಕುರ್ಚಿಯಲ್ಲೇ ಕೂತರು.

೧೦ ಜೂನ್, ಮಂಗಳವಾರ

ದಿನಾ ಬೆಳಿಗ್ಗೆ ಹನ್ನೆರಡು ಹೆಜ್ಜೆ ನಡೆಸುತ್ತೇನೆ. ಕೋಲು ಮಾತ್ರ ಮುಟ್ಟುವುದಿಲ್ಲ. ಆಸೆಪಟ್ಟು ತರಿಸಿದ್ದನ್ನು ಮುಟ್ಟದವರಿಗೆ ಏನನ್ನಬೇಕು? ನಾಚಿಕೆಯೋ, ಸಿಟ್ಟೋ, ಇಂಥ ಕೈಯಲ್ಲಿ ಆಡಬಾರದೆಂಬ ಹಟವೋ. ನನಗೆ ಏನೂ ತಿಳಿಯದು. ತಿಳಿದಂತೆ ನಟಿಸುವುದು ಮೂವತ್ತು ವರ್ಷದಿಂದ ರೂಢಿಯಾಗಿದೆ, ಈಗ ಅದೂ ಸಾಲದು.

ನೆಲ ಸಮ ಇಲ್ಲದ್ದಕ್ಕೆ ಮನಸ್ಸಾಗುತ್ತಿಲ್ಲವೇನೋ ಎಂದು ನಾನೇ ಕೋಲು ಹಿಡಿದು ಪರೀಕ್ಷೆ ಮಾಡಿದೆ. ಚೆಂಡು ನೆಟ್ಟಗೆ ಹೋಗಿ ಗೋಡೆಗೆ ಬಡಿದು ವಾಪಸು ಬಂತು. ಹತ್ತು ಸಲ ಮಾಡಿ ನೋಡಿದೆ. ಒಂದೂ ಕುಣಿಗೆ ಬೀಳಲಿಲ್ಲ. ನೆಲ ಸಮವಾಗಿಯೇ ಇದೆ.

೨೯ ಜೂನ್, ರವಿವಾರ

ವಾರದಿಂದ ಮಳೆ. ನಡುನಡುವೆ ಬಿಸಿಲು ಬಿದ್ದಾಗ ಮೈಗೆ ಅಂಟು ಅಂಟು ಸೆಕೆ. ಇವರು ಇಪ್ಪತ್ತು ಹೆಜ್ಜೆ ನಡೆದರು.

ಮಳೆ ನಿಂತ ಮೇಲೆ ನೆಲ ಪರೀಕ್ಷೆ ಮಾಡಿದೆ. ಒಂದು ಚೆಂಡು ಬಿತ್ತು. ಡಬ್ಬಿಯಲ್ಲಿ ಟಕ್ ಎಂದು ಸದ್ದು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಇವರಿದ್ದರು, ಕುರ್ಚಿಯಲ್ಲಿ.

೧೩ ಜುಲೈ, ರವಿವಾರ

ಹಿತ್ತಲಿಗೆ ಹೋಗುವಂತಿಲ್ಲ. ಹುಲ್ಲಿನ ಕೆಳಗಿನಿಂದ ಎಂಥ ನಾತ! ಮೊದಲು ಇಲಿ ಸತ್ತಿರಬೇಕೆಂದು ಮನೆಯೆಲ್ಲ ಹುಡುಕಿದೆ. ಇವತ್ತು ಅಂಚು ಎತ್ತಿ ನೋಡಿದರೆ ನೀರು ನಿಂತಿದೆ, ಸಾರಿಸಿದ ಸೆಗಣಿ ಕೊಳೆತು ಉಬ್ಬಿದೆ, ಗೋಡೆಯ ಉದ್ದಕ್ಕೂ ಬಿಳಿ ಅಣಬೆ ಎದ್ದಿವೆ. ಕಾಲಿಟ್ಟರೆ ಪಿಚಕ್ ಅನ್ನುತ್ತದೆ. ಮಥುರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಮಡಿಯಲ್ಲಿ ಅಡಿಗೆ ಮಾಡುವುದೇ ಕಷ್ಟವಾಗಿದೆ ಅಂದರು. ನನ್ನ ಮುಖ ಸುಟ್ಟಂತಾಯಿತು.

ಇವರನ್ನು ನಡೆಸುವುದು ನಿಂತಿತು. ಇವರು ಮೂಗು ಸಿಂಡರಿಸಿ ಬ್ಯಾಡ ಅಂದರು. ಇದೊಂದು ಬ್ಯಾಡ ನನಗೆ ಸರಿಯಾಗಿ ತಿಳಿಯಿತು.

೧೬ ಜುಲೈ, ಬುಧವಾರ

ತಿರುವಿ ಹಾಕಿದ್ದ ಪುಟವನ್ನು ಮಥುರಾಬಾಯಿ ಇವತ್ತು ಓದಿದರು. ಸೆಕೆ ಮತ್ತು ತೇವ ಇರುವ ಕಡೆ ಕೆಳಗಿನ ನೆಲ ನೀರು ಕುಡಿಯುವಂತಿರಬೇಕು, ಖಡಿ, ಅಂದರೆ ಜಲ್ಲಿಕಲ್ಲು, ಮತ್ತು ಕಲ್ಲುಪುಡಿ ಹಾಕಬೇಕು, ಕೊಳೆಯುವ ಯಾವ ವಸ್ತುವನ್ನೂ ಕೆಳಗೆ ಬಿಡಬಾರದು. ಬಿಡಬಾರದು ಎನ್ನುವ ಮಾತಿನ ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಊರು ಒಣ ಊರೇ ಇರಬಹುದು, ಪ್ಲಾಸ್ಟಿಕ್ಕಿನ ಕೆಳಗೆ ಮಾತ್ರ ಮಂಗಳೂರೇ ಆಗಿತ್ತು. ಕಲಿಸಿದ ಮಾಸ್ತರಿಣಿ ತಪ್ಪು ಓದಿಸಿದರೆ ಹೇಗೋ ಹಾಗೆ ಅವರು ಪೆಚ್ಚಾಗಿ ಕೂತರು.

ಮರೆಪ್ಪನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದ್ದೆ. ಅವನ ಕೈಕೆಲಸ ಅಗೆದು ಹಾಕುತ್ತೇನೆಂದು ಯಾವ ಬಾಯಿಂದ ಹೇಳಲಿ? ಅಣ್ಣನ ಮನೆಯ ಫೋನಿಗೆ ಕರೆಸಿ ಹೇಳಿದೆ. ಅವನು ನಕ್ಕುಬಿಟ್ಟ.

"ಕಣ ಅಂದ್ರ ಒಂದು ಸುಗ್ಗಿಗಿ ಯವ್ವಾ. ರಾಶಿ ಮುಗೀತು ಅಂದ್ರ ನೇಗಿಲ ಹೊಡೆದು ಬಿಡ್ತೀವಿ. ಮಳಿಗಾಲದಾಗ ಕಣ ಯಾರ್ ಇಟ್ಕೋತಾರ?"

ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಒಕ್ಕಲಿಗರ ಮನೆ ಮಗಳು, ನಿನಗೆ ಗೊತ್ತಿಲ್ಲದ್ದೇನು ಅಂದುಕೊಂಡೆ ಅಂದ. ನನಗೆ ಗೊತ್ತಿತ್ತು. ಪ್ರತಿ ವರ್ಷ ನೇಗಿಲು ಹೊಡೆಯುವುದನ್ನೂ ನೋಡಿದ್ದೇನೆ. ಅದು ಹೇಗೆ ಮರೆಯಿತೋ ಶಿವನೇ ಬಲ್ಲ.

೪ ಆಗಸ್ಟ್, ಸೋಮವಾರ

ಶಹಾಬಾದಿ ಕಲ್ಲು ಹಾಸುವ ಚಾಂದಪಾಶಾ ಬಂದ. ನಮ್ಮ ಮನೆಯ ನೆಲವೆಲ್ಲ ಅವನದೇ ಕೆಲಸ. ಹುಲ್ಲು ಸುತ್ತಿಟ್ಟು, ಕೊಳೆತದ್ದನ್ನೆಲ್ಲ ಅಗೆದು ನುಗ್ಗೆಗಿಡದ ಬುಡಕ್ಕೆ ಹಾಕಿದ. ಕೆಳಗೆ ಖಡಿ, ಮೇಲೆ ಮುರುಮು ಮಣ್ಣು, ಅದರ ಮೇಲೆ ಕಲ್ಲುಪುಡಿ. ನಾನು ಸಮ ಇರಲಿ, ಪೂರಾ ಸಮ ಇರಲಿ ಎಂದು ಹತ್ತು ಸಲ ಹೇಳಿದೆ. ಅವನು ಕೇಳಲಿಲ್ಲ.

"ಬಾಯೀಸಾಬ್, ನೀರಿಗಿ ದಾರಿ ಕೊಡ್ಬೇಕು. ಕೊಡ್ಲಿಲ್ಲಂದ್ರ ಅದು ತಾನೇ ಹುಡುಕ್ತದ," ಅಂದು ಮೋರಿಯ ಕಡೆ ಒಂದು ಇಂಚು ಇಳಿಜಾರು ಕೊಟ್ಟೇ ಕೊಟ್ಟ. ಹೀಗಾಗಿ ಚೆಂಡು ಈಗ ಕೊನೆಗೆ ಬಂದು ಎಡಕ್ಕೆ ಜಾರುತ್ತದೆ.

ಹುಲ್ಲು ಮತ್ತೆ ಹಾಸಿ, ಮರಳು ಉದುರಿಸಿ ಕಸಬರಿಗೆಯಿಂದ ಗುಡಿಸಿ ಹುಲ್ಲಿನ ಬುಡಕ್ಕೆ ಇಳಿಸಿದೆ. ಮರೆಪ್ಪ ಹೇಳಿದ ನಿಯಮ ಮಾತ್ರ ಬಿಡಲಿಲ್ಲ, ಚಾಂದಪಾಶಾನಿಗೂ ಚಪ್ಪಲಿ ಬಿಡಿಸಿದೆ. ಬಾವುಟದ ಬುಡಕ್ಕೆ ಕುಂಕುಮವನ್ನೂ ಹಚ್ಚಿದೆ.

ಇವರು ಇವತ್ತು ಸಾಕು ಅಂದರು. ಅನ್ನ ಬಡಿಸುವಾಗ. ಹೊಸ ಮಾತು.

೨೪ ಆಗಸ್ಟ್, ರವಿವಾರ

ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಬಡಿದರೆ ಒಂದು ಗೇಣು ಬಲಕ್ಕೆ ನೋಡಿ ಬಡಿಯಬೇಕು. ನುಗ್ಗೆಗಿಡದ ಕಡೆಯಿಂದಾದರೆ ನಾಲ್ಕು ಬೆರಳು ಸಾಕು. ಮಳೆ ಬಂದ ದಿನ ಚೆಂಡು ನಿಧಾನ, ಸ್ವಲ್ಪ ಜೋರಾಗಿ ಬಡಿಯಬೇಕು. ಮುಂಜಾನೆ ಇಬ್ಬನಿ ಇದ್ದಾಗ ಚೆಂಡಿನ ಹಿಂದೆ ಗೆರೆ ಮೂಡುತ್ತದೆ, ಆ ಗೆರೆ ನೋಡಿದರೆ ಎಲ್ಲಿ ತಿರುಗಿತು ಎಂದು ಗೊತ್ತಾಗುತ್ತದೆ. ಇದನ್ನು ಮಥುರಾಬಾಯಿಗೂ ತೋರಿಸಿದೆ. ಅವರು ಕಚ್ಚೆ ಸೀರೆ ಬಿಗಿದು ಎರಡನೇ ಕೋಲು ಹಿಡಿದಿದ್ದಾರೆ. ಪುಸ್ತಿಕೆಯಲ್ಲಿ ಹೇಳಿದಂತೆ ನಿಲ್ಲುತ್ತಾರೆ, ಮೊಣಕಾಲು ಬಾಗಿಸಿ, ತಲೆ ತಗ್ಗಿಸಿ. ನಾನು ರೊಟ್ಟಿ ಬಡಿಯಲು ಕೂತಷ್ಟೇ ಸಲೀಸಾಗಿ ನಿಲ್ಲುತ್ತೇನೆ. ಇವತ್ತು ಅವರದು ನಾಲ್ಕು ಬಿತ್ತು, ನನ್ನದು ಹನ್ನೊಂದು. ಅವರು ಮರಾಠಿಯಲ್ಲಿ ಏನೋ ಗೊಣಗಿದರು.

ಇವರು ಚೆನ್ನಾಗಿದ್ದಾರೆ.

೧೧ ಸೆಪ್ಟೆಂಬರ್, ಗುರುವಾರ

ಬರೆಯಲು ನಾಚಿಕೆಯಾಗುತ್ತದೆ. ಮಧ್ಯಾಹ್ನದ ಗುಳಿಗೆ ಮರೆತೆ. ನುಗ್ಗೆಗಿಡದ ಕಡೆಯಿಂದ ಸಾಲಾಗಿ ಆರು ಬಿದ್ದಿದ್ದವು, ಏಳನೆಯದು ನೋಡೋಣ ಎಂದು ನಿಂತಿದ್ದೆ. ಹಿಂದಿನಿಂದ ದನಿ ಬಂತು.

"ಲಲ್ತಾ. ಗುಳಿಗಿ."

ಎರಡು ಮಾತು, ಒಟ್ಟಿಗೆ! ಒಂದು ನನ್ನ ಹೆಸರು. ಆರು ತಿಂಗಳ ಮೇಲೆ ಕೇಳಿದೆ. ಕೋಲು ಎಸೆದು ಓಡಿದೆ. ಗುಳಿಗೆ ನುಂಗಿಸಿ, ಇವರ ತಲೆ ಎದೆಗೆ ಒತ್ತಿಕೊಂಡು ಅತ್ತೆ. ಇವರೂ ಅತ್ತರು. ಈ ಹುಲ್ಲಿನಿಂದಲೇ ಇದೆಲ್ಲ ಆದದ್ದು, ಇವರ ಆಸೆಯೇ ಇವರನ್ನು ಎಬ್ಬಿಸಿತು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಇವರು ಇವತ್ತಿನವರೆಗೂ ಒಂದು ಚೆಂಡು ಬಡಿದಿಲ್ಲ. ಅದೊಂದು ತಿಳಿಯುವುದಿಲ್ಲ.

ಏಳನೆಯದು ಬಿತ್ತೋ ಇಲ್ಲವೋ ನೋಡಲೇ ಇಲ್ಲ. ಸಂಜೆ ಹೋಗಿ ನೋಡಿದರೆ ಡಬ್ಬಿಯಲ್ಲಿತ್ತು.

೫ ಅಕ್ಟೋಬರ್, ರವಿವಾರ

ದಸರಾ. ಇವರು ಊರುಗೋಲು ಹಿಡಿದು ಅಂಗಡಿಗೆ ಹೋಗಿ ತಕ್ಕಡಿಗೆ ಪೂಜೆ ಮಾಡಿ ಬಂದರು. ಮಾತು ತಡೆದು ತಡೆದು ಬರುತ್ತದೆ, ಆದರೆ ಬರುತ್ತದೆ. ಹಣಮಂತನೊಡನೆ ಒಳಗೆ ಕೂತು ಅರ್ಧ ಗಂಟೆ ಮಾತಾಡಿದರಂತೆ. ಏನು ಎಂದು ಕೇಳಿದೆ. ವ್ಯಾಪಾರದ ಮಾತು ಅಂದರು. ಮೊದಲಿನ ಹಾಗೇ ಆದರು ಎಂದು ಸಂತೋಷಪಟ್ಟೆ. ಸ್ವಲ್ಪ ಬೇಸರವೂ ಆಯಿತು, ಯಾಕೋ.

೯ ಅಕ್ಟೋಬರ್, ಗುರುವಾರ

ಅಕ್ಷರ ಸೊಟ್ಟ ಬಂದರೆ ಬರಲಿ.

ಹತ್ತು ಗಂಟೆಗೆ ಹಣಮಂತ ಟೆಂಪೊ ತಂದ, ಇಬ್ಬರು ಹಮಾಲರು. ಸೀದಾ ಹಿತ್ತಲಿಗೆ ಹೋಗಿ ಹುಲ್ಲಿನ ಅಂಚು ಎತ್ತತೊಡಗಿದರು. ನಾನು ಏನಿದು ಎಂದೆ. ಹಣಮಂತ ನನ್ನ ಮುಖ ನೋಡದೆ, ಸಾವುಕಾರರು ಹೇಳಿದ್ದಾರೆ ಅಂದ. ಇವರ ಕಡೆ ತಿರುಗಿದೆ. ಇವರು ಕುರ್ಚಿಯಲ್ಲಿ ಕೂತು ಒಂದೊಂದೇ ಮಾತು ಹೆಕ್ಕಿ ಹೇಳಿದರು.

ಹುಲ್ಲು ಇವರದಲ್ಲ. ದೊಡ್ಡ ಸಾಹೇಬರೊಬ್ಬರದು. ಸರ್ಕಾರಿ ಕಟ್ಟಡಗಳಿಗೆ ಯಾರ ಸಿಮೆಂಟು ಹೋಗಬೇಕೆಂದು ಸಹಿ ಹಾಕುವ ಸಾಹೇಬರು. ಅವರಿಗೆ ಈ ಆಟದ ಹುಚ್ಚು. ಅವರ ಬಂಗಲೆಯ ಹಿತ್ತಲು ಮೂವತ್ತು ಫೂಟು. ಇವರು ಫೆಬ್ರವರಿಯಲ್ಲಿ ಹೋಗಿ ತಾವೇ ಅಳೆದು ಬಂದಿದ್ದರು. ಸುಮ್ಮನೆ ಕೊಡುವ ಕಾಣಿಕೆ, ಯಾರಿಗೂ ಗೊತ್ತಾಗಬಾರದೆಂದು ಮನೆಯ ವಿಳಾಸಕ್ಕೆ ತರಿಸಿದ್ದು. ಅಳತೆ ತಪ್ಪಿರಲಿಲ್ಲ. ಇವರ ಅಳತೆ ಯಾವತ್ತು ತಪ್ಪಿತ್ತು!

"ಮತ್ತ ಹಾಸುವಾಗ ಯಾಕ ಹೇಳ್ಲಿಲ್ರಿ?" ಅಂದೆ.

"ಬ್ಯಾಡ ಅಂದಿನಿ. ದಿನಾ ಅಂದಿನಿ," ಅಂದರು.

ಹೌದು, ಅಂದಿದ್ದರು. ಕುರ್ಚಿ ಬಡಿದು ಬಡಿದು ಅಂದಿದ್ದರು. ಕೋಲು ಕೆಳಗೆ ಹಾಕಿದ್ದರು. ಆ ಕಣ್ಣೀರು, ಆ ಸಿಟ್ಟು, ಎಲ್ಲ ಈಗ ಒಂದೊಂದಾಗಿ ನೆಟ್ಟಗಾದವು. ಮೂವತ್ತು ವರ್ಷದಲ್ಲಿ ಇವರ ಒಂದು ಆಸೆ ಕಂಡೆ ಎಂದುಕೊಂಡಿದ್ದೆ. ಅದೂ ಸಾಹೇಬರದು. ಅದಕ್ಕಾಗಿ ನಾನು ಸೆಗಣಿ ತುಳಿದೆ, ಊರ ಮುಂದೆ ಮೂಗು ಮುಚ್ಚಿಸಿಕೊಂಡೆ, ದೇವರಿಗೆ ಹರಕೆ ಹೊತ್ತೆ. ಇವರ ಮೇಲೆ ಸಿಟ್ಟು ಬಂತು. ನನ್ನ ಮೇಲೆ ನಗು ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಕೊಯ್ದ ತುಂಡನ್ನು ಅಂಟು ಹಾಕಿ ಕೂಡಿಸಬಹುದು, ಗೊತ್ತಾಗುವುದಿಲ್ಲ ಎನ್ನುತ್ತ ಹಣಮಂತ ಬಾಗಿಲ ಕಾಲೊರಸು ಎತ್ತಿಕೊಂಡ. ಒಬ್ಬ ಹಮಾಲ ಬಾವುಟ ಕಿತ್ತ. ಬುಡದ ಕುಂಕುಮ ಅವನ ಕೈಗೆ ಹತ್ತಿತು.

"ಬ್ಯಾಡ," ಅಂದೆ.

ಇವರು ತಲೆ ಎತ್ತಿದರು. "ಏನು ಬ್ಯಾಡ?"

"ತೆಗಿಯೋದು ಬ್ಯಾಡ."

ಸಾಹೇಬರು ಸಿಟ್ಟಾಗುತ್ತಾರೆ, ಮಾತು ಕೊಟ್ಟಾಗಿದೆ, ನಿನಗೆ ತಿಳಿಯುವುದಿಲ್ಲ ಅಂದರು. ಇಷ್ಟು ಉದ್ದದ ಮಾತು ಲಕ್ವಾ ಹೊಡೆದ ಮೇಲೆ ಇದೇ ಮೊದಲು. ಬೇರೆ ದಿನವಾಗಿದ್ದರೆ ಸಕ್ಕರೆ ಹಂಚುತ್ತಿದ್ದೆ. ನಾನು ಮತ್ತೆ ಬ್ಯಾಡ ಅಂದೆ. ಇನ್ನೇನಾದರೂ ಹೇಳಬೇಕೆಂದು ಹುಡುಕಿದೆ, ಬೇರೆ ಮಾತೇ ಸಿಗಲಿಲ್ಲ. ಮೂರನೆಯ ಸಲವೂ ಅದನ್ನೇ ಅಂದೆ. ಹಮಾಲರು ನನ್ನ ಮುಖ, ಇವರ ಮುಖ ನೋಡುತ್ತ ನಿಂತರು. ಆಮೇಲೆ ಆ ಹಮಾಲ ಬಾವುಟವನ್ನು ತಾನೇ ವಾಪಸು ನೆಟ್ಟ. ಹಣಮಂತ ಕಾಲೊರಸನ್ನು ಬಾಗಿಲಲ್ಲೇ ಹಾಕಿದ.

ನಿನ್ನೆ ಅಣ್ಣ ಕಮಲಾಪುರದಿಂದ ಕಳಿಸಿದ ಕೆಂಪು ಬಾಳೆಯ ಗೊನೆ ಅಡಿಗೆಮನೆಯಲ್ಲಿತ್ತು. "ಸಾಹೇಬ್ರಿಗಿ ಇದು ಕೊಡು ಹಣಮಂತ. ಕಮಲಾಪುರದ ಮಾಲು, ಮುಂಬೈದಾಗ ಸಿಗಂಗಿಲ್ಲ," ಅಂದೆ. ಅವನು ಇವರನ್ನು ನೋಡಿದ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಷ್ಟು ದೊಡ್ಡ ಟೆಂಪೊದಲ್ಲಿ ಒಂದು ಬಾಳೆಗೊನೆ ಇಟ್ಟುಕೊಂಡು ಹೋದರು.

ನಾನು ಯಾಕೆ ಹಾಗಂದೆ? ಹುಲ್ಲು ಇವರದಾಗಿದ್ದರೆ ಕೊಟ್ಟುಬಿಡಿ ಎನ್ನುತ್ತಿದ್ದೆನೋ ಏನೋ. ಇವರದಲ್ಲ ಎಂದು ಗೊತ್ತಾದ ಮೇಲೆ ಬಿಡಲು ಆಗಲಿಲ್ಲ. ಇದಕ್ಕೆ ಏನರ್ಥ, ನನಗಂತೂ ತಿಳಿಯುತ್ತಿಲ್ಲ.

೧೦ ಅಕ್ಟೋಬರ್, ಶುಕ್ರವಾರ

ಇವರು ಮಾತಾಡಲಿಲ್ಲ. ಮಾತು ಬಂದಿದ್ದೂ ಆಡಲಿಲ್ಲ.

೧೪ ಅಕ್ಟೋಬರ್, ಮಂಗಳವಾರ

ಐದು ದಿನದಿಂದ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸಾಹೇಬರ ಕಡೆಯಿಂದ ಸುದ್ದಿ ಇಲ್ಲ. ಈ ವರ್ಷದ ಕೆಲಸ ಬೇರೆಯವರಿಗೆ ಹೋದರೂ ಹೋಗಬಹುದು ಎಂದು ಹಣಮಂತ ಹೇಳಿದ. ಕೇಳಿ ಹೆದರಿಕೆಯಾಯಿತು. ಹುಲ್ಲು ವಾಪಸು ಕೊಡಬೇಕು ಎಂದು ಮಾತ್ರ ಅನಿಸಲಿಲ್ಲ.

ಹಿತ್ತಲಿಗೂ ಹೋಗಿರಲಿಲ್ಲ. ಇವತ್ತು ಸಂಜೆ ಹೋದೆ. ಕಸ ಗುಡಿಸಿದೆ. ಹಮಾಲರು ಎತ್ತಿದ ಅಂಚಿಗೆ ನಾಲ್ಕು ಮೊಳೆ ಹೊಡೆದು ಕೂಡಿಸಿದೆ. ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಒಂದು ಚೆಂಡು ಬಡಿದೆ. ಹೊರಗೆ ಹೋಯಿತು. ಇನ್ನೊಂದು. ಅದೂ ಹೋಯಿತು. ಮನಸ್ಸು ಸರಿ ಇಲ್ಲದಿದ್ದರೆ ಕೈಗೆ ಗೊತ್ತಾಗುತ್ತದೆ.

"ಎಡಕ್ಕ ಜಾರ್ತದ," ಎಂದು ಹಿಂದಿನಿಂದ ಕೇಳಿಸಿತು. "ಬಲಕ್ಕ ಒಂದು ಗೇಣು."

ತಿರುಗಿ ನೋಡಿದೆ. ಇವರು ಹಿತ್ತಲ ಬಾಗಿಲಲ್ಲಿ, ಕಾಲೊರಸಿನ ಮೇಲೆ ನಿಂತಿದ್ದರು. ಐದು ತಿಂಗಳು ಆ ಕುರ್ಚಿಯಲ್ಲಿ ಕೂತು ಇವರು ಸಾಹೇಬರ ಹುಲ್ಲನ್ನು ನೋಡುತ್ತಿದ್ದಾರೆಂದು ನಿನ್ನೆಯವರೆಗೂ ಸಿಟ್ಟಿನಲ್ಲಿ ಅಂದುಕೊಂಡಿದ್ದೆ. ಒಂದು ಗೇಣು ಬಲಕ್ಕೆ ಎಂದು ತಿಳಿಯಬೇಕಾದರೆ ಚೆಂಡನ್ನು ನೋಡಿರಬೇಕು. ಬಡಿಯುವವಳನ್ನೂ ನೋಡಿರಬೇಕು.

ಒಂದು ಗೇಣು ಬಲಕ್ಕೆ ಬಡಿದೆ. ಡಬ್ಬಿಯಲ್ಲಿ ಟಕ್ ಎಂದಿತು.

ಇವರು ಡಬ್ಬಿಯ ಕಡೆ ನೋಡಿದರು. ಆಮೇಲೆ ಬಲಗೈ ಮುಂದೆ ಮಾಡಿದರು, ಇನ್ನೂ ಪೂರಾ ಬಿಚ್ಚದ ಕೈ.

"ನಾನೂ ಒಂದು ಹೊಡೀಲೇನು?"

ಮೂವತ್ತು ವರ್ಷದಲ್ಲಿ ಈ ಮನುಷ್ಯ ಮಾಡಲೇನು, ಹೋಗಲೇನು, ತರಲೇನು ಎಂದು ನನ್ನನ್ನು ಕೇಳಿದವರಲ್ಲ. ಕೋಲು ಕೊಡಲು ಎರಡು ಹೆಜ್ಜೆ ಮುಂದೆ ಹೋದೆ. ಆಗ ಇವರ ಕಾಲಿನ ಕಡೆ ಕಣ್ಣು ಹೋಯಿತು.

"ಚಪ್ಲಿ ಬಿಟ್ಟು ಬರ್ರಿ," ಅಂದೆ.

ಬಿಟ್ಟು ಬಂದರು.